ಈ ಲೋಕದ ಕಡೆಗೆ ಮುಖ ಮಾಡಿದ ವಿಶ್ವಾಸ: ಮನೆಕೂಟಗಳಿಗೊಂದು ಕೈಪಿಡಿ

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಯಂಥ ಊರುಗಳಲ್ಲಿ ವಾರದ ನಡುವೆ ಒಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಪಶ್ಚಿಮ ಏಷ್ಯಾದಲ್ಲಿ ಯುದ್ಧ ಎದ್ದರೆ ಸಾಕು, ಎಲ್ಲೋ ಭೂಮಿ ನಡುಗಿದರೆ ಸಾಕು, ಇಂಥ ಕೂಟಗಳಲ್ಲಿ ಆ ವಾರದ ಮಾತೆಲ್ಲ ಕಡೇ ದಿನಗಳ ಸೂಚನೆ, ಮೃಗದ ಗುರುತು, ಸಭೆ, ಅಂದರೆ ವಿಶ್ವಾಸಿಗಳೆಲ್ಲ, ಆಕಾಶಕ್ಕೆ ಎತ್ತಲ್ಪಡುವ ಗಳಿಗೆ ಇವುಗಳ ಸುತ್ತಲೇ ತಿರುಗುತ್ತದೆ. ಅದೇ ಓಣಿಯಲ್ಲಿ ತಿಂಗಳುಗಟ್ಟಲೆ ಪಿಂಚಣಿ ಬಾರದೆ ಕುಳಿತಿರುವ ಅಜ್ಜಿಯ ಸುದ್ದಿ ಪ್ರಾರ್ಥನೆಯ ಪಟ್ಟಿಗೂ ಬರುವುದಿಲ್ಲ. ಕರ್ತನಾದ ಯೇಸು ತಿರುಗಿ ಬರುವನೆಂಬ ನಂಬಿಕೆಯನ್ನು ಬಿಡಿರೆಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಆತನು ಬರುವನೆಂದು ವಿಶ್ವಾಸಪ್ರಮಾಣದಲ್ಲಿ ಹೇಳುವ ಮಾತು ಹಾಗೆಯೇ ಇರಲಿ. ಆ ನಿರೀಕ್ಷೆಯು ಲೆಕ್ಕಾಚಾರವಾಗದೆ ಇಂದಿನ ಕರ್ತವ್ಯವಾಗುವಂತೆ ಒಂದು ಕೂಟವನ್ನು ತಿರುಗಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ. ಇದಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆಂದು ಮೊದಲೇ ಒಪ್ಪಿಕೊಂಡು ಹೊರಡುವುದು ಒಳ್ಳೆಯದು.

ಮೊದಲು ಬುಡ ಗಟ್ಟಿಮಾಡಿಕೊಳ್ಳಿ

ಕಾರಣವನ್ನು ತಿಳಿಯದೆ ಕ್ರಮವನ್ನು ಬದಲಾಯಿಸಿದರೆ ಕೂಟದಲ್ಲಿ ಜಗಳ ಹುಟ್ಟುತ್ತದೆ. ಆದ್ದರಿಂದ ಮೊದಲ ಕೆಲವು ವಾರಗಳನ್ನು ಬೈಬಲ್ಲಿನ ಮೂರು ಭಾಗಗಳಿಗೆ ಮಾತ್ರ ಮೀಸಲಿಡಿ. ಅಪೊಸ್ತಲರ ಕೃತ್ಯಗಳ 1ನೇ ಅಧ್ಯಾಯದಲ್ಲಿ ಶಿಷ್ಯರು ರಾಜ್ಯವು ಯಾವಾಗ ಸ್ಥಾಪನೆಯಾಗುತ್ತದೆಂದು ಕೇಳಿದಾಗ, ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲವೆಂಬ ಉತ್ತರ ಬರುತ್ತದೆ. ಆಮೇಲೆ ಅವರು ಆಕಾಶವನ್ನೇ ನೋಡುತ್ತ ನಿಂತಾಗ, ಯಾಕೆ ಹೀಗೆ ನಿಂತಿದ್ದೀರೆಂದು ಬಿಳಿಯ ವಸ್ತ್ರದ ಇಬ್ಬರು ಕೇಳುತ್ತಾರೆ. ಮತ್ತಾಯನ 24ನೇ ಅಧ್ಯಾಯವು ಯುದ್ಧ, ಬರ, ಭೂಕಂಪಗಳ ಮಾತಾಡಿ, ಆ ದಿನವನ್ನು ದೇವರ ಮಗನೂ ಅರಿಯನೆಂದು ಹೇಳುತ್ತದೆ. ನಮ್ಮ ಕೂಟಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತವೆ; ಆದರೆ ಅದೇ ಉಪದೇಶವು 25ನೇ ಅಧ್ಯಾಯದ ಕೊನೆಯವರೆಗೆ ಮುಂದುವರಿದು, ನ್ಯಾಯತೀರ್ಪಿನ ದಿನ ಕೇಳುವ ಪ್ರಶ್ನೆಗಳನ್ನೇ ಮುಂದಿಡುತ್ತದೆ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವನ ಭೇಟಿ ಎಂಬ ಆ ಪಟ್ಟಿಯಲ್ಲಿ ಸೂಚನೆಗಳನ್ನು ಸರಿಯಾಗಿ ಎಣಿಸಿದ್ದೀಯಾ ಎಂಬ ಪ್ರಶ್ನೆ ಇಲ್ಲವೇ ಇಲ್ಲ. ಇವೆರಡು ಅಧ್ಯಾಯಗಳನ್ನು ಒಂದೇ ಕೂತಿನಲ್ಲಿ ಗಟ್ಟಿಯಾಗಿ ಓದಿಸಿರಿ. ವಿವರಣೆ ಹೆಚ್ಚು ಬೇಕಾಗುವುದಿಲ್ಲ. ಮೂರನೆಯದಾಗಿ ಥೆಸಲೊನೀಕದವರಿಗೆ ಬರೆದ ಎರಡೂ ಪತ್ರಿಕೆಗಳನ್ನು ಓದಿಸಿರಿ. ಕರ್ತನ ದಿನವು ಆಗಲೇ ಬಂತೆಂದು ಕೆಲವರು ಗಾಬರಿಗೊಂಡಿದ್ದ, ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದ ಸಭೆ ಅದು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದೆಂದು ಪೌಲನು ಬರೆದದ್ದು ಅವರಿಗೇ.

ಸ್ವಲ್ಪ ಚರಿತ್ರೆಯನ್ನೂ ಹೇಳಬೇಕಾಗುತ್ತದೆ, ಏಕೆಂದರೆ ಇಂದು ನಮ್ಮ ಫೋನುಗಳಿಗೆ ಬರುವ ಕಡೇ ದಿನಗಳ ನಕ್ಷೆಗಳು ಆದಿ ಸಭೆಯಿಂದಲೇ ಬಂದವೆಂದು ಬಹಳ ಜನ ನಂಬಿದ್ದಾರೆ. ಸಭೆಯು ಗುಟ್ಟಾಗಿ ಮೊದಲೇ ಎತ್ತಲ್ಪಡುತ್ತದೆ, ಅನಂತರ ಮಹಾ ಸಂಕಟದ ಕಾಲ ಬರುತ್ತದೆ ಎಂಬ ಕ್ರಮಬದ್ಧ ಬೋಧನೆ ಹರಡಿದ್ದು 1830ರ ದಶಕದಿಂದೀಚೆಗೆ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರ ಮೂಲಕ. 1909ರಲ್ಲಿ ಅಮೆರಿಕದಲ್ಲಿ ಅಚ್ಚಾದ ಸ್ಕೋಫೀಲ್ಡ್ ಅವರ ಟಿಪ್ಪಣಿಸಹಿತ ಬೈಬಲ್ ಅದನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಅದಕ್ಕೂ ಮೊದಲು ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕರು ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿದ್ದರು, ಮತ್ತು ಅವರ ಬಳಗವು ಕೊನೆಗೆ 1844ರ ಅಕ್ಟೋಬರ್ 22 ಎಂದು ಕರ್ತನು ಬರುವ ದಿನವನ್ನೇ ಗೊತ್ತುಮಾಡಿತು. ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟು ಕಾದವರೂ ಆ ಬಳಗದಲ್ಲಿದ್ದರು. ಮೆಕ್ಕೆಜೋಳ, ಶೇಂಗಾ ಬೆಳೆಯುವ ನಮ್ಮ ಜನರಿಗೆ ಈ ಒಂದು ಸಂಗತಿ ಅರ್ಥವಾಗುವಷ್ಟು ಚೆನ್ನಾಗಿ ಬೇರೆ ಯಾವ ವಾದವೂ ಅರ್ಥವಾಗದು.

ಓದುವ ಕ್ರಮ

ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಓದನ್ನು ಆರಂಭಿಸಬೇಡಿ. ಅದನ್ನು ವರ್ಷದ ಕೊನೆಗೆ ಇಟ್ಟುಕೊಳ್ಳಿ. ಆರಂಭಕ್ಕೆ ಪ್ರವಾದಿ ಯೆರೆಮೀಯನೇ ತಕ್ಕವನು, ಏಕೆಂದರೆ ತನ್ನ ಕಾಲದ ಲೋಕ ಮುಗಿಯುತ್ತಿರುವುದನ್ನು ಅವನಷ್ಟು ಖಚಿತವಾಗಿ ಬಲ್ಲವನು ಇನ್ನೊಬ್ಬನಿರಲಿಲ್ಲ. 29ನೇ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಅವನು ಬರೆಯುವ ಕಾಗದವಿದೆ: ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವು ಸೇರಿದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ. ಬೇಗನೆ ಬಿಡುಗಡೆಯಾಗುತ್ತದೆಂದು ಮುಹೂರ್ತ ಹೇಳುತ್ತಿದ್ದ ಪ್ರವಾದಿಗಳನ್ನು ನಂಬಬೇಡಿರೆಂಬ ಎಚ್ಚರಿಕೆಯೂ ಅದೇ ಕಾಗದದಲ್ಲಿದೆ.

32ನೇ ಅಧ್ಯಾಯಕ್ಕೆ ಒಂದು ಇಡೀ ಸಂಜೆಯನ್ನು ಕೊಡಿ. ಯೆರೂಸಲೇಮಿಗೆ ಬಾಬೆಲಿನ ದಂಡು ಮುತ್ತಿಗೆ ಹಾಕಿದೆ, ಯೆರೆಮೀಯನು ಕಾವಲಿನ ಅಂಗಳದಲ್ಲಿ ಬಂದಿಯಾಗಿದ್ದಾನೆ, ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಇನ್ನೇನು ಶತ್ರುವಿನ ಪಾಲಾಗಲಿರುವ ಜಮೀನದು. ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ, ಕ್ರಯಪತ್ರ ಬರೆಯಿಸುತ್ತಾನೆ, ಸಾಕ್ಷಿಗಳಿಂದ ರುಜು ಹಾಕಿಸುತ್ತಾನೆ, ಮುದ್ರೆಯೊತ್ತಿದ ಪತ್ರವನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡಲು ತನ್ನ ಲಿಪಿಕಾರ ಬಾರೂಕನಿಗೆ ಒಪ್ಪಿಸುತ್ತಾನೆ. ಕೂಟದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಛಾಪಾ ಕಾಗದ, ಸಾಕ್ಷಿಗಳ ಆಧಾರ್, ಪಹಣಿಯಲ್ಲಿ ಹೆಸರು ಬದಲಾಗುವವರೆಗಿನ ಓಡಾಟ ಇವನ್ನೆಲ್ಲ ಅವರಿಂದಲೇ ಹೇಳಿಸಿ, ಇಷ್ಟೆಲ್ಲ ತಾಪತ್ರಯವನ್ನು ನಾಳೆ ಕಳೆದುಹೋಗಲಿರುವ ಹೊಲಕ್ಕಾಗಿ ಯಾರು ಪಡುತ್ತಾರೆಂದು ಕೇಳಿರಿ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬ ದೇವರ ಮಾತು ಆಮೇಲೆ ಓದಿದರೆ ತಾನಾಗಿಯೇ ಮನಸ್ಸಿಗೆ ಇಳಿಯುತ್ತದೆ. ಇದೇ ಸೀಮೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿ ವಿಲಾಸ ಸಾಗರ ಅಣೆಕಟ್ಟು 1933ರಲ್ಲೊಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟಿದವರಲ್ಲಿ ಯಾರೂ ಆ ಎರಡನೆಯ ಕೋಡಿಯನ್ನು ನೋಡಲಿಲ್ಲ. ಕರ್ತನು ನಾಳೆಯೇ ಬರುವುದಾದರೆ ಇಂದು ಸಸಿ ನೆಡುವುದೇಕೆ ಎಂದು ಯೌವನಸ್ಥರು ಕೇಳಿದಾಗ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಮುಂದಿಡಬಹುದು.

ಅಲ್ಲಿಂದ ಮುಂದೆ ಯಾಜಕಕಾಂಡದ 19, ಧರ್ಮೋಪದೇಶಕಾಂಡದ 24, ಯೆಶಾಯನ 58, ಆಮೋಸ, ಮೀಕ, ಲೂಕನ ಸುವಾರ್ತೆ, ಯಾಕೋಬನ ಪತ್ರಿಕೆ ಎಂದು ಸಾಗಿರಿ. ಪ್ರತಿ ವಾರ ಓದು ಮುಗಿದ ಮೇಲೆ, ಈ ಮಾತು ನಮ್ಮ ಬೀದಿಯಲ್ಲಿ ಯಾರ ವಿಷಯವಾಗಿದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿ, ಬಂದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರ ಬಾರದ ವಾರಗಳೂ ಇರುತ್ತವೆ. ಆಗ ಪುಟವನ್ನು ಖಾಲಿ ಬಿಡುವುದು ಮೇಲು. ಕೊನೆಗೆ ಪ್ರಕಟನೆಗೆ ಬಂದಾಗ, ಅದು ಚಿಕ್ಕ ಏಷ್ಯಾದ, ಅಂದರೆ ಇಂದಿನ ಟರ್ಕಿಯ, ಏಳು ಸಭೆಗಳಿಗೆ, ಅವುಗಳ ಊರಿನ ಹೆಸರು ಹಿಡಿದು ಬರೆದ ಪತ್ರವೆಂಬುದನ್ನು ಮೊದಲು ತೋರಿಸಿ. 18ನೇ ಅಧ್ಯಾಯದಲ್ಲಿ ಬಾಬೆಲಿನ ವರ್ತಕರ ಸರಕಿನ ಪಟ್ಟಿ ಚಿನ್ನ ಬೆಳ್ಳಿಯಿಂದ ಆರಂಭವಾಗಿ ಮನುಷ್ಯರ ಪ್ರಾಣದ ಮಾರಾಟದಲ್ಲಿ ಮುಗಿಯುವುದನ್ನೂ, 21ನೇ ಅಧ್ಯಾಯದಲ್ಲಿ ಭಕ್ತರು ಮೇಲಕ್ಕೆ ಹೋಗದೆ ಪವಿತ್ರ ಪಟ್ಟಣವೇ ಕೆಳಗೆ ಇಳಿದು ಬರುವುದನ್ನೂ ಗುರುತಿಸಿರಿ.

ಭಯದ ಸಂದೇಶಗಳು ಬಂದಾಗ

ಇಂಥ ದಿನ ಇಂಥದ್ದು ಆಗುತ್ತದೆಂಬ ವಿಡಿಯೊ ಕೂಟದ ವಾಟ್ಸ್ಯಾಪ್ ಗುಂಪಿಗೆ ಬಂದರೆ, ಕಳುಹಿಸಿದವರನ್ನು ಎಲ್ಲರೆದುರು ಹೀಯಾಳಿಸಬೇಡಿ. ಹೆಚ್ಚಿನ ಸಲ ಅವರು ಮಗನ ಕೆಲಸ ಹೋಗಿಯೋ ಮನೆಯಲ್ಲಿ ಕಾಯಿಲೆ ಕೂತೋ ಕಂಗಾಲಾದವರು. ಆ ಭವಿಷ್ಯವನ್ನು ದಿನಾಂಕಸಹಿತ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟು, ಹೇಳಿದ ದಿನ ಕಳೆದ ಮೇಲೆ ಎಲ್ಲರೂ ಕೂಡಿ ಓದಿರಿ. ಆಧಾರ್ ಕಾರ್ಡು, ಲಸಿಕೆ, ಬಾರ್‌ಕೋಡ್ ಇವೇ ಮೃಗದ ಗುರುತೆಂಬ ಮಾತಿಗೆ ಮಾತ್ರ ತಡಮಾಡದೆ ಉತ್ತರ ಕೊಡಬೇಕು, ಏಕೆಂದರೆ ಆ ಮಾತು ನಂಬಿ ಮಗುವಿಗೆ ಲಸಿಕೆ ಹಾಕಿಸದವರು, ಪಡಿತರ ಚೀಟಿಯ ನೋಂದಣಿಗೆ ಹೋಗದವರು ನಷ್ಟಪಡುತ್ತಾರೆ. ಪ್ರಕಟನೆ 13ರಲ್ಲಿ ಆ ಗುರುತು ಮೃಗದ ಆರಾಧನೆಯೊಂದಿಗೆ ಬಿಗಿಯಾಗಿ ಹೆಣೆದುಕೊಂಡಿದೆ. ಚಕ್ರವರ್ತಿಯನ್ನು ದೇವರೆಂದು ಪೂಜಿಸಿರೆಂಬ ಒತ್ತಡವಿದ್ದ ಕಾಲದ ಸಭೆಗಳು ಅದನ್ನು ಮೊದಲು ಓದಿದವು. ಗುರುತಿನ ಚೀಟಿ ಪಡೆಯುವುದರಲ್ಲಿ ಯಾರ ಆರಾಧನೆಯೂ ಇಲ್ಲ. ಚಿಕ್ಕ ಮಕ್ಕಳಿಗೆ, ಅಪ್ಪ ಅಮ್ಮ ಮೇಲೆ ಹೋಗಿ ನೀನೊಬ್ಬನೇ ಉಳಿದುಬಿಡುತ್ತೀಯೆಂಬ ಬಗೆಯ ಸಿನಿಮಾಗಳನ್ನು ಸಂಡೇ ಸ್ಕೂಲಿನಲ್ಲಿ ತೋರಿಸುವ ರೂಢಿ ಇದ್ದರೆ ಅದನ್ನು ನಿಲ್ಲಿಸಿಬಿಡಿ. ಹೆದರಿ ನಿದ್ದೆಗೆಟ್ಟ ಮಗುವನ್ನು ವಿಶ್ವಾಸಿ ಎಂದು ಎಣಿಸುವುದು ಕ್ರೌರ್ಯ.

ಪ್ರಾರ್ಥನೆ

ಕರ್ತನ ಪ್ರಾರ್ಥನೆಯಲ್ಲಿ “ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ” ಎಂಬಲ್ಲಿಗೆ ಬಂದಾಗ ಸ್ವಲ್ಪ ನಿಂತು, ಆ ವಾರ ಊರಿನಲ್ಲಿ ಎಲ್ಲಿ ಅದು ನೆರವೇರುತ್ತಿಲ್ಲವೋ ಆ ಜಾಗದ ಹೆಸರು ಹೇಳಿರಿ: ಭದ್ರಾ ನಾಲೆಯ ನೀರು ತಲುಪದ ಕೊನೆಭಾಗದ ಹೊಲಗಳು, ಮಂಡಕ್ಕಿ ಭಟ್ಟಿಯ ಹೊಗೆ ಕುಡಿಯುವ ಓಣಿ, ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗ. ಒಂದು ಎಚ್ಚರಿಕೆ: ನೆರೆಯವರ ಕಷ್ಟವನ್ನು ಅವರ ಒಪ್ಪಿಗೆಯಿಲ್ಲದೆ ಹೆಸರು ಹಿಡಿದು ಕೂಟದಲ್ಲಿ ಹೇಳಿದರೆ ಪ್ರಾರ್ಥನೆಯು ಚಾಡಿಯಾಗುತ್ತದೆ.

ತೂಕ, ಕೂಲಿ, ಕಾಣಿಕೆ

ಬೇರೆಯವರಿಗೆ ಸೇವೆ ಮಾಡಲು ಹೊರಡುವ ಮೊದಲು ಕೂಟದವರು ತಮ್ಮ ತಮ್ಮ ಲೆಕ್ಕವನ್ನು ನೋಡಿಕೊಳ್ಳಬೇಕು. ಈ ಮೆಟ್ಟಿಲನ್ನು ಹಾರಿದ ಕೂಟಗಳ ಸೇವೆಯನ್ನು ಊರು ನಂಬುವುದಿಲ್ಲ. ಯಾಜಕಕಾಂಡ 19 ಸರಿಯಾದ ತಕ್ಕಡಿ, ಸರಿಯಾದ ತೂಕದ ಕಲ್ಲು, ಸರಿಯಾದ ಅಳತೆ ಎಂದು ಬಿಡಿಸಿ ಹೇಳುತ್ತದೆ. ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳ ತಂದ ರೈತನೊಬ್ಬನ ಪಕ್ಕದಲ್ಲಿ ಒಂದು ಗಂಟೆ ನಿಂತರೆ ಆ ಮಾತು ಯಾವುದರ ಕುರಿತದ್ದೆಂದು ತಿಳಿಯುತ್ತದೆ. ಚೀಲ ಬಿಚ್ಚಿದ ಕೂಡಲೇ ಮಾದರಿಗೆಂದು ಬೊಗಸೆ ತೆಗೆಯುವ ಕೈಗಳು ಹಲವು, ತೇವಾಂಶ ಹೆಚ್ಚಿದೆಯೆಂದು ಇಳಿಸುವ ದರ, ಸೂಟು ಎಂದು ಮುರಿದುಕೊಳ್ಳುವ ಕಾಳು, ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸಿಕೊಳ್ಳುವವರು ಯಾರು ಎಂಬ ತಕರಾರು. ಕೂಟದಲ್ಲಿ ವ್ಯಾಪಾರಸ್ಥರಿದ್ದರೆ ಅವರು ತಮ್ಮ ಕಾಟಾವನ್ನು ಕಾನೂನುಮಾಪನ ಇಲಾಖೆಯಿಂದ ಮುದ್ರೆ ಹಾಕಿಸಿದ್ದಾರೆಯೇ, ಮುರಿದುಕೊಂಡದ್ದನ್ನು ಬಿಳಿ ಚೀಟಿಯಲ್ಲದೆ ಸರಿಯಾದ ರಸೀದಿಯಲ್ಲಿ ತೋರಿಸುತ್ತಾರೆಯೇ ಎಂಬುದನ್ನು ತಾವೇ ಪರೀಕ್ಷಿಸಿಕೊಳ್ಳಲಿ. ಕೂಟವು ಪೊಲೀಸ್ ಠಾಣೆಯಾಗಬೇಕಾಗಿಲ್ಲ.

ಕೂಲಿಯ ಮಾತು ವ್ಯಾಪಾರಸ್ಥರಿಗಷ್ಟೇ ಅಲ್ಲ, ಎಲ್ಲ ಮನೆಗೂ ಸೇರಿದ್ದು. ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡವೂ, ಹಿಡಿದಿಟ್ಟ ಕೂಲಿಯು ಕೂಗುತ್ತದೆಂದು ಯಾಕೋಬನೂ ಹೇಳುತ್ತಾರೆ. ಮನೆಗೆಲಸದವರಿಗೆ ಯಾವ ತಾರೀಖಿಗೆ ಸಂಬಳ ಕೊಡುತ್ತೀರಿ, ಅವರಿಗೆ ಜ್ವರ ಬಂದ ದಿನದ ಹಣ ಹಿಡಿಯುತ್ತೀರಾ, ಅಡಿಕೆ ಸುಲಿಯಲು ಬಂದವರ ಲೆಕ್ಕ ಎಷ್ಟು ದಿನ ಬಾಕಿ ಇರುತ್ತದೆ ಎಂಬ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಗೆ ಕಳುಹಿಸಿ, ಉತ್ತರವನ್ನು ಯಾರೂ ಕೂಟದಲ್ಲಿ ಓದಬೇಕಾಗಿಲ್ಲವೆಂದು ಹೇಳಿರಿ.

ಕಾಣಿಕೆಯ ವಿಷಯದಲ್ಲಿ, ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಇಟ್ಟು ದೇವಾಲಯದ ಸೇವೆಯವರಾದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ತೃಪ್ತಿಯಾಗಿ ಉಣ್ಣಲಿ ಎಂಬ ಧರ್ಮೋಪದೇಶಕಾಂಡ 14ರ ವಿಧಿಯನ್ನು ಸಭೆಯ ಕಮಿಟಿಯ ಮುಂದೆ ಇಡಬಹುದು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ತೆಂಗಿನಕಾಯಿ ಹತ್ತು ಪಟ್ಟು ಬೆಲೆಗೆ ಹೋಗುವ ಉತ್ಸಾಹ ನಮ್ಮಲ್ಲಿದೆ. ಆ ಹಣದಲ್ಲಿ ಒಂದು ಪಾಲು ಕಟ್ಟಡಕ್ಕೆ ಹೋಗದೆ ಸಭೆಗೆ ಸೇರದವರ ಆಸ್ಪತ್ರೆ ಖರ್ಚಿಗೆ ಹೋಗಲಿ ಎಂದು ಹರಾಜಿಗೆ ಮೊದಲೇ ಗೊತ್ತುಮಾಡಿಸಿ. ಹರಾಜು ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಒಂದೇ ಕೆಲಸವನ್ನು ಹಿಡಿಯಿರಿ

ವರ್ಷದ ಅರ್ಧ ಕಳೆಯುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಬಂದಿರುತ್ತದೆ. ಅದನ್ನೇ ಹಿಡಿಯಿರಿ, ಎರಡನ್ನು ಹಿಡಿಯಬೇಡಿ. ಪಿಂಚಣಿಯ ವಿಷಯವಾದರೆ, ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷ ತುಂಬಿರಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರು ಮತ್ತು ವಯಸ್ಸು ಒಂದೇ ರೀತಿ ಇವೆಯೇ ಎಂದು ಮನೆಯಲ್ಲೇ ನೋಡಿಕೊಂಡು ಆಮೇಲೆ ನಾಡಕಚೇರಿಗೆ ಹೋಗಬೇಕು. ಜೀವಮಾನವೆಲ್ಲ ಕಳೆ ಕಿತ್ತ, ಪಾತ್ರೆ ತಿಕ್ಕಿದ ಬೆರಳುಗಳಲ್ಲಿ ಗೆರೆಗಳು ಸವೆದು ಯಂತ್ರವು ಹೆಬ್ಬೆಟ್ಟನ್ನು ಗುರುತಿಸದೆ ಹೋಗುವುದುಂಟು. ಅಜ್ಜಿ ಸೆರಗಿನಿಂದ ಬೆರಳು ಒರೆಸಿ ಒರೆಸಿ ಒತ್ತುತ್ತಾಳೆ, ಯಂತ್ರ ಮತ್ತೆ ಕೆಂಪು ದೀಪ ತೋರಿಸುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ, ಅವಳು ತನ್ನದೇ ತಪ್ಪೆಂಬಂತೆ ಹಿಂದೆ ಸರಿದುಬಿಡುತ್ತಾಳೆ. ಜೊತೆಗೊಬ್ಬರು ಇದ್ದರೆ ಬೇರೆ ಬೆರಳುಗಳನ್ನು ಇಟ್ಟು ನೋಡಲು, ಕಣ್ಣಿನ ಗುರುತು ಅಥವಾ ಮೊಬೈಲಿನ ಓಟಿಪಿಯಿಂದ ಆಗುವುದೇ ಎಂದು ಕೇಳಲು, ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಲು ಸಾಧ್ಯವಾಗುತ್ತದೆ. ಕೂಟದ ಸೇವೆ ಎಂದರೆ ಬಹಳ ಮಟ್ಟಿಗೆ ಹೀಗೆ ಜೊತೆಗೆ ನಿಲ್ಲುವುದೇ. ಅರ್ಜಿ ಎಲ್ಲಿ ನಿಂತಿದೆಯೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಚಿತ್ರದುರ್ಗ ಜಿಲ್ಲೆಯ ಕೂಟಗಳಿಗೆ ಹೆಚ್ಚಾಗಿ ಎದುರಾಗುವುದು ನೀರು. ಇಲ್ಲಿಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹಿಸಬಹುದು. ಮಕ್ಕಳ ಹಲ್ಲಿನ ಕಂದು ಕಲೆ, ದೊಡ್ಡವರ ಕೀಲು ಬಿಗಿತ ಅದರ ಗುರುತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನು ಮನೆಮನೆಗೆ ಹೇಳಬೇಕು, ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡಬೇಕು, ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ಆ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ನೋಡಿಕೊಂಡು ಬರಬೇಕು. ದುಡಿಯುವ ಮಕ್ಕಳು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಾಲೀಕರೊಂದಿಗೆ ನೇರವಾಗಿ ಜಗಳಕ್ಕೆ ನಿಲ್ಲುವುದರಿಂದ ಆ ಮಗುವಿಗೇ ತೊಂದರೆ.

ಈ ಯಾವ ಕೆಲಸದೊಂದಿಗೂ ಕರಪತ್ರ ಹಂಚಬೇಡಿ, ಕೂಟಕ್ಕೆ ಬನ್ನಿರೆಂದು ಕರೆಯಬೇಡಿ. ಅಪವಾದ ಬರುತ್ತದೆಂಬ ಹೆದರಿಕೆ ಇದಕ್ಕೆ ಮುಖ್ಯ ಕಾರಣವಲ್ಲ. ಮತ್ತಾಯ 25ರಲ್ಲಿ ಉಣಬಡಿಸಿದವರಿಗೆ ತಾವು ಯಾರಿಗೆ ಉಣಬಡಿಸಿದೆವೆಂಬುದೇ ತಿಳಿದಿರಲಿಲ್ಲ, ಪ್ರತಿಫಲದ ಲೆಕ್ಕವೂ ಇರಲಿಲ್ಲ. ನೀರಿಗಾಗಿ ಅರ್ಜಿ ಬರೆಯುವಾಗ ಮಸೀದಿಯ ಕಮಿಟಿಯವರ, ಮಠದ ಭಕ್ತರ, ದಲಿತ ಸಂಘಟನೆಯವರ, ಸ್ತ್ರೀಶಕ್ತಿ ಗುಂಪಿನವರ ರುಜುಗಳು ನಿಮ್ಮ ರುಜುವಿಗಿಂತ ಮೇಲೆ ಇರಲಿ.

ಎದುರಾಗುವ ಆಕ್ಷೇಪಗಳು

ಇದು ಸಮಾಜಸೇವೆ, ಸುವಾರ್ತೆಯಲ್ಲ ಎಂಬ ಮಾತು ಖಂಡಿತ ಬರುತ್ತದೆ. ವಾದಕ್ಕಿಳಿಯದೆ, ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿಯಿಂದ ಓದಿದ, ಬಡವರಿಗೆ ಸುವಾರ್ತೆ, ಸೆರೆಯವರಿಗೆ ಬಿಡುಗಡೆ ಎಂಬ ಭಾಗವನ್ನು, ಅಂದರೆ ಲೂಕ 4ನ್ನು, ಮತ್ತೊಮ್ಮೆ ಓದಿಸಿರಿ. ಸಭಾಪಾಲಕರಿಗೇ ಅಸಮಾಧಾನವಿದ್ದರೆ ಅವರ ಬೆನ್ನ ಹಿಂದೆ ಕೂಟ ನಡೆಸಬೇಡಿ. ‘ಅಯ್ಯನವರೇ, ಒಂದು ಸಲ ನಮ್ಮ ಜೊತೆ ನಾಡಕಚೇರಿಗೆ ಬನ್ನಿ’ ಎಂದು ಕರೆದರೆ ಬರುವವರೇ ಹೆಚ್ಚು.

ಇನ್ನೊಂದು ತಪ್ಪು ಎದುರು ದಿಕ್ಕಿನದು. ಈ ಲೋಕದ ಕೆಲಸಕ್ಕೆ ತಿರುಗಿದ ಉತ್ಸಾಹದಲ್ಲಿ ಕೆಲವರು ಪರಲೋಕದ ಮಾತೆತ್ತಿದವರನ್ನು ಹಳೆಯ ಕಾಲದವರೆಂದು ನೋಡತೊಡಗುತ್ತಾರೆ. ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಗೆ, ಹಾಸಿಗೆ ಹಿಡಿದ ಮುದುಕರಿಗೆ, ನ್ಯಾಯ ಸಿಗದೆಯೇ ಸಾಯುತ್ತಿರುವವರಿಗೆ, ತಂದೆಯ ಮನೆಯಲ್ಲಿ ಸ್ಥಳವಿದೆಯೆನ್ನುವ ಯೋಹಾನ 14ನ್ನು ಓದಬೇಕೇ ಹೊರತು ಗ್ರಾಮಸಭೆಯ ವರದಿಯನ್ನಲ್ಲ. ಅಂಥವರ ಹತ್ತಿರ ಕರ್ತನ ಬರೋಣವು ಲೆಕ್ಕವಾಗಿರುವುದಿಲ್ಲ, ಕಣ್ಣೀರು ಒರೆಸುವ ಕೈಯಾಗಿರುತ್ತದೆ. ಆ ನಿರೀಕ್ಷೆಯನ್ನು ಅವರಿಂದ ಕಸಿಯುವ ಹಕ್ಕು ಯಾವ ಕೂಟಕ್ಕೂ ಇಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವು ಲೆಕ್ಕ ಒಪ್ಪಿಸಲು ತಕ್ಕ ಸಮಯ, ಏಕೆಂದರೆ ಆಗ ಆರಾಧನೆಯ ವಾಚನಗಳೂ ಬರೋಣದ ಕುರಿತೇ ಇರುತ್ತವೆ. ಮೊದಲ ಭಾನುವಾರದ ವಾರದಲ್ಲಿ ನೋಟ್‌ಬುಕ್ಕನ್ನು ಮೊದಲಿನಿಂದ ಓದಿ, ಮಂಜೂರಾದ ಅರ್ಜಿಗಳನ್ನೂ ತಿರಸ್ಕೃತವಾದವನ್ನೂ ಬೇರೆ ಬೇರೆ ಬರೆಯಿರಿ. ತಿರಸ್ಕೃತವಾದವುಗಳ ಕಾರಣವನ್ನು ಪಕ್ಕದಲ್ಲಿ ದಾಖಲಿಸಿ, ಮೇಲ್ಮನವಿಯ ಅವಧಿ ಇನ್ನೂ ಉಳಿದಿರುವವನ್ನು ಅದೇ ವಾರ ಕಳುಹಿಸಿರಿ. ಸ್ವೀಕೃತಿ ಪತ್ರಗಳು ಒಬ್ಬರ ಬ್ಯಾಗಿನಲ್ಲೇ ಇದ್ದರೆ ಅವರು ವರ್ಗವಾಗಿ ಹೋದ ದಿನ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಪ್ರತಿಯೊಂದರ ಜೆರಾಕ್ಸ್ ಪ್ರತಿಯನ್ನು ಅರ್ಜಿದಾರರ ಮನೆಯಲ್ಲೂ, ಕೂಟ ನಡೆಯುವ ಇನ್ನೊಂದು ಮನೆಯಲ್ಲೂ ಇಡಿಸಿರಿ.